ಅನುರಾಗವೂ ಶೌಚವೂ



ಘಟಿಕೋತ್ಸವದ ವೇದಿಕೆಯನ್ನು ಏರಿದವರು ಸೇವೆ, ತ್ಯಾಗ, ಕರುಣೆ ಎಂಬ ಮಹಾಶಬ್ದಗಳನ್ನು ಆಶ್ರಯಿಸುವುದು ರೂಢಿ. ಶುಶ್ರೂಷಾ ವಿದ್ಯಾರ್ಥಿಗಳ ಮುಂದೆ ನಿಂತಾಗಲಂತೂ ಅವು ಕರೆಯದೆಯೇ ನಾಲಗೆಗೆ ಬರುತ್ತವೆ. ಇಂದು ಬೇಕೆಂದೇ ಅವನ್ನು ಸ್ವಲ್ಪ ದೂರದಲ್ಲಿರಿಸಿ, ನಿಮ್ಮ ವೃತ್ತಿಜೀವನದ ಮೊದಲ ಮಳೆಗಾಲದಲ್ಲಿಯೇ ಬಹುಶಃ ನಿಮಗೆ ಎದುರಾಗಲಿರುವ, ನೋಡುವುದಕ್ಕೆ ಅತ್ಯಲ್ಪವಾದ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ಬೆಳಗಿನ ಡ್ಯೂಟಿಗೆ ಹೊರಡಬೇಕಾದ ಶುಶ್ರೂಷಕಿಗೆ ಮೈ ಬಿಸಿಯಾಗಿದೆ, ಗಂಟಲು ಕಟ್ಟಿದೆ, ಮೂಗು ಸೋರುತ್ತಿದೆ. ಅವಳು ವಾರ್ಡಿಗೆ ಹೋಗತಕ್ಕದ್ದೋ, ಕೋಣೆಯಲ್ಲಿ ಉಳಿಯತಕ್ಕದ್ದೋ? (ಶುಶ್ರೂಷಕಿ ಎಂದಾಗಲೆಲ್ಲ ಇಲ್ಲಿ ಕುಳಿತಿರುವ ಸೋದರರನ್ನೂ ಸೇರಿಸಿಯೇ ಹೇಳುತ್ತಿದ್ದೇನೆಂದು ತಿಳಿಯಬೇಕು; ಜ್ವರವು ಸ್ತ್ರೀಪುರುಷಭೇದವನ್ನು ಎಣಿಸುವುದಿಲ್ಲ.)

ಪ್ರಶ್ನೆ ಚಿಕ್ಕದಾದರೂ ಅದರ ಬೇರು ನಮ್ಮ ವೈದ್ಯಶಾಸ್ತ್ರದಷ್ಟೇ ಹಳೆಯದು. ಚಿಕಿತ್ಸೆಯು ನಾಲ್ಕು ಪಾದಗಳ ಮೇಲೆ ನಿಂತಿದೆಯೆಂದು ಹೇಳಿದ ಚರಕಸಂಹಿತೆಯು ವೈದ್ಯ, ಔಷಧ, ರೋಗಿ ಇವರ ಜೊತೆಗೆ ಪರಿಚಾರಕನಿಗೂ ಸ್ಥಾನವನ್ನು ಕೊಟ್ಟು, ಆ ಪರಿಚಾರಕನಲ್ಲಿ ಇರಬೇಕಾದ ಗುಣಗಳು ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚ ಎಂದು ಎಣಿಸಿತು. ಸಾಮಾನ್ಯ ದಿನಗಳಲ್ಲಿ ಈ ನಾಲ್ಕು ಗುಣಗಳು ಒಂದೇ ಮನೆಯ ಮಕ್ಕಳಂತೆ ಹೊಂದಿಕೊಂಡಿರುತ್ತವೆ. ಆದರೆ ಪರಿಚಾರಕನೇ ಅಸ್ವಸ್ಥನಾದ ದಿನ ಅನುರಾಗಕ್ಕೂ ಶೌಚಕ್ಕೂ ವ್ಯಾಜ್ಯ ಹುಟ್ಟುತ್ತದೆ: ನಿನ್ನೆ ಶಸ್ತ್ರಚಿಕಿತ್ಸೆಯಾದ ಅಜ್ಜಿ ನಿನ್ನ ದಾರಿಯನ್ನು ಕಾಯುತ್ತಿರುವಳೆಂದು ಒಂದು ಹೇಳಿದರೆ, ಆ ಅಜ್ಜಿಯ ಹಾಸಿಗೆಯ ಬಳಿಗೆ ನೀನು ಒಯ್ಯುವುದೇನೆಂಬುದನ್ನು ಯೋಚಿಸು ಎಂದು ಮತ್ತೊಂದು ತಡೆಯುತ್ತದೆ. ನಮ್ಮ ಲೋಕವು ಈ ವ್ಯಾಜ್ಯದಲ್ಲಿ ಬಹುಕಾಲದಿಂದ ಅನುರಾಗದ ಪಕ್ಷವನ್ನೇ ವಹಿಸಿಕೊಂಡು ಬಂದಿದೆ. ನೂರೆರಡು ಡಿಗ್ರಿ ಜ್ವರವಿದ್ದರೂ ನೈಟ್ ಡ್ಯೂಟಿ ಬಿಡಲಿಲ್ಲವೆಂದು ಬೀಳ್ಕೊಡುಗೆಯ ಸಭೆಗಳಲ್ಲಿ ಹಿರಿಯ ಸಿಸ್ಟರೊಬ್ಬರನ್ನು ಹೊಗಳಿದ್ದನ್ನು ನಾನು ಅನೇಕ ಬಾರಿ ಕೇಳಿದ್ದೇನೆ. ಆ ರಾತ್ರಿ ಆ ವಾರ್ಡಿನಲ್ಲಿ ಮಲಗಿದ್ದವರಿಗೆ ಮುಂದೆ ಏನಾಯಿತೆಂದು ಯಾರೂ ವಿಚಾರಿಸಿದ್ದನ್ನು ಮಾತ್ರ ಕೇಳಿಲ್ಲ.

ಈ ಹೊಗಳಿಕೆಯ ಮೂಲದಲ್ಲಿ ಎರಡು ಭಿನ್ನವಾದ ಸಂಗತಿಗಳು ಬೆರೆತುಹೋಗಿವೆ. ರೋಗಿಯ ಸೇವೆಯನ್ನು ಮಾಡುತ್ತ ಮಾಡುತ್ತ ರೋಗಕ್ಕೆ ತುತ್ತಾಗುವುದು ಒಂದು. ರೋಗವನ್ನು ಹೊತ್ತು ರೋಗಿಯ ಬಳಿಗೆ ಹೋಗುವುದು ಇನ್ನೊಂದು. 1897ರಲ್ಲಿ ಪುಣೆಯನ್ನು ಪ್ಲೇಗು ಹಿಡಿದಾಗ, ರೋಗಿಗಳನ್ನು ಚಿಕಿತ್ಸೆಗೆ ಒಯ್ಯುತ್ತ, ಅವರ ಆರೈಕೆ ಮಾಡುತ್ತ, ಅದೇ ವ್ಯಾಧಿಯಿಂದ ಮಾರ್ಚ್ 10ರಂದು ತೀರಿಕೊಂಡ ಸಾವಿತ್ರಿಬಾಯಿ ಫುಲೆಯವರದು ಮೊದಲನೆಯ ಬಗೆಯದು. ನಮ್ಮ ನೆರೆಯ ಕೇರಳದಲ್ಲಿ, 2018ರ ಮೇ ತಿಂಗಳಲ್ಲಿ, ಪೇರಾಂಬ್ರದ ತಾಲ್ಲೂಕು ಆಸ್ಪತ್ರೆಯ ಶುಶ್ರೂಷಕಿ ಲಿನಿ ಅವರು ನಿಪಾ ರೋಗಿಯ ಉಪಚಾರ ಮಾಡಿ ಪ್ರಾಣವನ್ನೇ ತೆತ್ತರಷ್ಟೆ. ಆದರೆ ಅವರ ಕಥೆಯಲ್ಲಿ ನಾವು ಅಷ್ಟಾಗಿ ಗಮನಿಸದ ಭಾಗವೊಂದುಂಟು: ತಮಗೆ ಜ್ವರ ಕಾಣಿಸಿಕೊಂಡಾಗ ಅವರು ತಮ್ಮನ್ನು ಇತರರಿಂದ ಪ್ರತ್ಯೇಕವಾಗಿರಿಸಬೇಕೆಂದು ತಾವೇ ಕೇಳಿಕೊಂಡರೆಂದು ಆಗ ವರದಿಯಾಗಿತ್ತು. ಎಳೆಯ ಮಕ್ಕಳಿಬ್ಬರ ತಾಯಿಯಾದ ಆಕೆಗೆ ಹಾಗೆ ದೂರವಿರುವುದು ವಾರ್ಡಿನಲ್ಲಿ ನಿಂತು ದುಡಿಯುವುದಕ್ಕಿಂತ ಸುಲಭವಾಗಿತ್ತೆಂದು ಯಾರು ಹೇಳಬಲ್ಲರು? ಅವರಲ್ಲಿ ಅನುರಾಗವೂ ಶೌಚವೂ ಕೊನೆಯವರೆಗೆ ಒಟ್ಟಿಗೇ ನಡೆದುವು.

ನೀವು ದೀಪವನ್ನು ಹಿಡಿದು ಯಾರ ಹೆಸರಿನಲ್ಲಿ ಪ್ರತಿಜ್ಞೆ ಮಾಡಿದಿರೋ ಆ ಫ್ಲಾರೆನ್ಸ್ ನೈಟಿಂಗೇಲರ ಜೀವಿತವನ್ನೂ ಇದೇ ದೃಷ್ಟಿಯಿಂದ ನೋಡುವುದು ಉಚಿತ. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1855ರಲ್ಲಿ, ಅವರು ತೀವ್ರವಾದ ಜ್ವರದಿಂದ ಮಲಗಿದರು. ಊರಿಗೆ ಹಿಂತಿರುಗಿದ ಮೇಲೆ ದೇಹಸ್ಥಿತಿ ಕೆಟ್ಟು, ದೀರ್ಘಕಾಲ ಕೋಣೆಯನ್ನೂ ಹಾಸಿಗೆಯನ್ನೂ ಬಿಟ್ಟು ಹೆಚ್ಚಾಗಿ ಹೊರಗೆ ಬರಲಾರದವರಾದರು. ಕೈಯಲ್ಲಿ ದೀಪ ಹಿಡಿದು ವಾರ್ಡುಗಳಲ್ಲಿ ಸಂಚರಿಸಿದ ಮೂರ್ತಿ ನಮ್ಮ ಕಣ್ಣಿಗೆ ಕಟ್ಟಿದೆಯಾದರೂ ಅವರ ಬಾಳಿನಲ್ಲಿ ಆ ಸಂಚಾರಕ್ಕೆ ಸಂದದ್ದು ಎರಡು ವರ್ಷಕ್ಕೂ ಕಡಿಮೆಯ ಅವಧಿ. ಆಸ್ಪತ್ರೆಗಳ ಕಟ್ಟಡ ಹೇಗಿರಬೇಕು, ಗಾಳಿ ನೀರು ಹೇಗಿರಬೇಕು, ತಾವು ಒಮ್ಮೆಯೂ ಕಾಲಿಡದ ಭಾರತದ ಸೈನ್ಯದ ಬಿಡಾರಗಳಲ್ಲಿ ಚರಂಡಿ ಹೇಗಿರಬೇಕು ಎಂಬುದನ್ನೆಲ್ಲ ಅವರು ಬರೆದು, ಮಂತ್ರಿಗಳನ್ನು ಕಾಡಿ, ಕೆಲಸ ಮಾಡಿಸಿದ್ದು ಬಹುಪಾಲು ಆ ರೋಗಶಯ್ಯೆಯಿಂದಲೇ. ಆಸ್ಪತ್ರೆಯೇ ರೋಗಿಗೆ ಕೇಡು ಮಾಡಬಾರದೆಂಬುದನ್ನು ಆಸ್ಪತ್ರೆಯ ಪ್ರಥಮಲಕ್ಷಣವಾಗಿ ಎಣಿಸಿದವರೂ ಅವರೇ.

ಈಗ ಶರೀರದ ಲೆಕ್ಕಕ್ಕೆ ಬರೋಣ. ಇದನ್ನು ನೀವು ಪರೀಕ್ಷೆಗಾಗಿ ಓದಿದ್ದೀರಿ, ನಾನು ಬೇರೊಂದು ಉದ್ದೇಶದಿಂದ ಜ್ಞಾಪಿಸುತ್ತೇನೆ. ಫ್ಲೂ ಜ್ವರದ ವೈರಾಣು ಲಕ್ಷಣಗಳು ತೋರುವುದಕ್ಕೆ ಒಂದು ದಿನ ಮೊದಲೇ ಹೊರಬೀಳಲಾರಂಭಿಸಿ ಆಮೇಲೆ 5ರಿಂದ 7 ದಿನಗಳವರೆಗೆ ಹೊರಬೀಳುತ್ತಿರುತ್ತದೆ. ಒಂದು ಪ್ಯಾರಸಿಟಮಾಲ್ ಮಾತ್ರೆ ನುಂಗಿದರೆ ಥರ್ಮಾಮೀಟರಿನ ಅಂಕಿ ಇಳಿಯುತ್ತದೆ, ವೈರಾಣುವಿನ ಸಂಖ್ಯೆ ಇಳಿಯುವುದಿಲ್ಲ. ಆದುದರಿಂದಲೇ ಮಾತ್ರೆಯ ಸಹಾಯವಿಲ್ಲದೆ ಜ್ವರವು ಬಿಟ್ಟು 24 ಗಂಟೆ ಕಳೆಯುವವರೆಗಾದರೂ ಕೆಲಸಕ್ಕೆ ಮರಳಬಾರದೆಂಬ ನಿಯಮ ಹುಟ್ಟಿತು. ವಾಂತಿಭೇದಿಯನ್ನು ಹರಡುವ ನೋರೋವೈರಾಣುವಿನ ವಿಷಯದಲ್ಲಿ, ಹೊಟ್ಟೆ ಪೂರ್ತಿಯಾಗಿ ಸರಿಹೋದ ಮೇಲೆಯೂ 48 ಗಂಟೆಗಳ ದೂರವನ್ನು ವಿಧಿಸುತ್ತಾರೆ. ಸೀತಾಳೆ ಸಿಡುಬಂತೂ ಇನ್ನೂ ಕಪಟಿ: ಗುಳ್ಳೆ ಏಳುವುದಕ್ಕೆ ಒಂದೆರಡು ದಿನ ಮೊದಲೇ ಅಂಟತೊಡಗುವ ಈ ರೋಗಕ್ಕೆ ನಿರೋಧವಿಲ್ಲದ ಶುಶ್ರೂಷಕಿ ರೋಗಿಯ ಸಂಪರ್ಕಕ್ಕೆ ಬಂದಳೆಂದರೆ, ಅವಳು ಮೇಲ್ನೋಟಕ್ಕೆ ಆರೋಗ್ಯವಂತಳಾಗಿದ್ದರೂ, ಸಂಪರ್ಕದ 8ನೆಯ ದಿನದಿಂದ 21ನೆಯ ದಿನದವರೆಗೆ ರೋಗಿಗಳಿಂದ ದೂರವಿರಬೇಕು. ಮಾಸ್ಕು ಕಟ್ಟಿಕೊಂಡರೆ ಸಾಲದೇ ಎಂದು ಕೇಳುವವರುಂಟು. ಅಪಾಯವನ್ನು ಅದು ತಗ್ಗಿಸುತ್ತದೆ, ನಿಜ; ಆದರೆ ಎಂಟು ಗಂಟೆಗಳ ಡ್ಯೂಟಿಯಲ್ಲಿ ನೀರು ಕುಡಿಯಲು, ಊಟ ಮಾಡಲು, ಕೆಮ್ಮು ಬಂದಾಗ ಉಸಿರಾಡಲು ಅದನ್ನು ಎಷ್ಟು ಸಲ ಕೆಳಗಿಳಿಸುತ್ತೇವೆಂಬುದನ್ನು ಕೋವಿಡ್ ಕಾಲದಲ್ಲಿ ಎಲ್ಲರೂ ಕಂಡಿದ್ದೇವೆ.

ಪೇಟೆಯಲ್ಲಿ ನಡೆದಾಡುವ ಆರೋಗ್ಯವಂತನಿಗೆ ಮೂರು ದಿನದ ಶೀತವಾಗಿ ತೀರುವುದು, ತಿಂಗಳು ತುಂಬದೆ ಹುಟ್ಟಿದ ಶಿಶುವಿಗೋ, ಕೀಮೋಥೆರಪಿಯಿಂದ ಬಿಳಿರಕ್ತಕಣಗಳು ಕುಸಿದಿರುವ ಕ್ಯಾನ್ಸರ್ ರೋಗಿಗೋ ಪ್ರಾಣಾಂತಿಕವಾಗಬಹುದು. ಅವರು ತಮ್ಮ ಶುಶ್ರೂಷಕಿಯನ್ನು ಆರಿಸಿಕೊಂಡವರಲ್ಲ. ಅವಳು ಕೆಮ್ಮಿದಾಗ ಎದ್ದು ಬೇರೆ ಕಡೆಗೆ ಹೋಗುವ ಶಕ್ತಿಯೂ ಅವರಿಗಿಲ್ಲ. ತನಗೇನೂ ಆಗಿಲ್ಲವೆಂಬ ನಂಬಿಕೆಯನ್ನು ನೆಚ್ಚುವಂತೆಯೂ ಇಲ್ಲ. ನ್ಯೂಯಾರ್ಕಿನ ಮೇರಿ ಮ್ಯಾಲನ್ ಎಂಬ ಅಡಿಗೆಯವಳು ತಾನು ಟೈಫಾಯಿಡ್ ವಾಹಕಳೆಂದು ಅಧಿಕಾರಿಗಳು ಹೇಳಿದ್ದನ್ನು ನಂಬದೆ, ಹೆಸರನ್ನು ಮರೆಸಿಕೊಂಡು ಹೆರಿಗೆ ಆಸ್ಪತ್ರೆಯೊಂದರ ಅಡಿಗೆಮನೆಯನ್ನು ಸೇರಿದಳು. 1915ರಲ್ಲಿ ಅಲ್ಲಿ 25 ಮಂದಿ ಹಾಸಿಗೆ ಹಿಡಿದರು, ಇಬ್ಬರು ಸತ್ತರು. ಅವಳು ದುಷ್ಟಳಾಗಿರಲಿಲ್ಲ. ಮೈಯಲ್ಲಿ ತನಗೇನೂ ಆಗಿಲ್ಲವೆಂದು ಅವಳು ಹೇಳುತ್ತಿದ್ದುದು ಅವಳ ಮಟ್ಟಿಗೆ ಸತ್ಯವೇ ಆಗಿತ್ತು.

ಅಂಟದ ಕಾಯಿಲೆಗಳಾದರೆ ಹೋಗಬಹುದಲ್ಲವೆ? ಅಲ್ಲಿಯೂ ಎಚ್ಚರವು ಬೇಕು. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಮುಖ್ಯವಾಗಿ ಎರಡು ಸಾಂದ್ರತೆಗಳಲ್ಲಿ ದೊರೆಯುತ್ತದೆ, ಮಿಲಿಲೀಟರಿಗೆ 40 ಘಟಕ ಮತ್ತು 100 ಘಟಕ. ಒಂದೊಂದಕ್ಕೂ ಅದರದೇ ಸಿರಿಂಜು. 100ರ ಬಾಟಲಿಯಿಂದ 40ರ ಸಿರಿಂಜಿನಲ್ಲಿ ಎಳೆದರೆ ರೋಗಿಯ ಮೈಗೆ ಸೇರುವುದು ಎರಡೂವರೆ ಪಾಲು ಔಷಧ. ಅರೆತಲೆನೋವಿನಿಂದ ಕಣ್ಣು ಕತ್ತಲಿಟ್ಟಿರುವಾಗ, ಶೀತದ ಮಾತ್ರೆಯ ಮಂಪರಿನಲ್ಲಿ, ಬೆಳಗಿನ ನಾಲ್ಕು ಗಂಟೆಗೆ, ಕ್ಯಾಪಿನ ಬಣ್ಣವನ್ನೂ ಲೇಬಲಿನ ಅಂಕಿಯನ್ನೂ ನೋಡಿ ಈ ಭೇದವನ್ನು ಹಿಡಿಯಬೇಕಾದವರು ನೀವು.

ಇಷ್ಟೆಲ್ಲ ತಿಳಿದೂ ಶುಶ್ರೂಷಕಿಯರು ಜ್ವರದಲ್ಲಿ ಕೆಲಸಕ್ಕೆ ಹೋಗುತ್ತಾರೆ. ಅಜ್ಞಾನದಿಂದಲ್ಲ. ತಾನು ಬಾರದಿದ್ದರೆ ರಾತ್ರಿಯಿಡೀ ದುಡಿದ ಗೆಳತಿಯೇ ಡಬಲ್ ಡ್ಯೂಟಿ ಮಾಡಬೇಕಾಗುವುದೆಂದು, ಫೋನು ಮಾಡಿದರೆ ಆ ಕಡೆಯಿಂದ ಬರುವ ಮಾತು ಹೇಗಿರುವುದೆಂದು, ಸಂಬಳದಲ್ಲಿ ದಿನದ ಲೆಕ್ಕ ಕಡಿತವಾಗುವುದೆಂದು, ಊರಿನಲ್ಲಿ ಶಿಕ್ಷಣಸಾಲದ ಕಂತು ನಿಲ್ಲದೆಂದು ಅವಳು ಬಲ್ಲಳು. ಹೀಗಿರುವಾಗ, ಹೋಗಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಅವಳೊಬ್ಬಳ ಧರ್ಮಸಂಕಟವೆಂದು ವರ್ಣಿಸಿ ನಾವು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳಿಬಿಡುತ್ತೇನೆ: ಅವಳು ಹಾಸಿಗೆಯಲ್ಲಿ ಎದ್ದು ಕುಳಿತು ಥರ್ಮಾಮೀಟರನ್ನು ನೋಡುವುದಕ್ಕೆ ಬಹಳ ಮುಂಚೆಯೇ, ಡ್ಯೂಟಿ ಲಿಸ್ಟನ್ನು ತಯಾರಿಸಿದವರೂ ಆ ಲಿಸ್ಟಿನಲ್ಲಿ ಎಷ್ಟು ಹೆಸರುಗಳಿರಬೇಕೆಂದು ತೀರ್ಮಾನಿಸಿದವರೂ ಆ ಪ್ರಶ್ನೆಗೆ ಉತ್ತರವನ್ನು ಕೊಟ್ಟಾಗಿರುತ್ತದೆ.

ಇದು ನನ್ನ ಹೊಸ ಕಲ್ಪನೆಯೇನೂ ಅಲ್ಲ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬರು ಶುಶ್ರೂಷಕರಿರಬೇಕೆಂದು ಹೇಳುವ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡವು, ಅದರ ಮೇಲೆ ಶೇಕಡಾ 30ರಷ್ಟು ಮಂದಿಯನ್ನು ರಜೆಯ ಮೀಸಲಾಗಿ ಇಟ್ಟುಕೊಳ್ಳಬೇಕೆಂದೂ ಹೇಳುತ್ತದೆ. ಎಂದರೆ, ಮನುಷ್ಯರಿಗೆ ಕಾಯಿಲೆ ಬರುತ್ತದೆ, ಹೆರಿಗೆಯಾಗುತ್ತದೆ, ಮನೆಯಲ್ಲಿ ಸಾವುನೋವುಗಳಾಗುತ್ತವೆ ಎಂಬುದನ್ನು ಲೆಕ್ಕ ಹಾಕಿದವರು ಮೊದಲೇ ಒಪ್ಪಿಕೊಂಡಿದ್ದಾರೆ. ಆ ಮೀಸಲನ್ನು ಕಾಗದದ ಮೇಲೆ ಬಿಟ್ಟು, ಇಪ್ಪತ್ತು ಮೂವತ್ತು ಹಾಸಿಗೆಗಳಿಗೆ ಒಬ್ಬಳನ್ನು ನಿಲ್ಲಿಸಿದ ಮೇಲೆ, ಅವಳ ಒಂದು ದಿನದ ಜ್ವರವೂ ಆಸ್ಪತ್ರೆಗೆ ವಿಪತ್ತಾಗಿ ತೋರುವುದು ಸಹಜ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದ ಮೇರೆಗೆ ಕೇಂದ್ರ ಸರ್ಕಾರವು ರಚಿಸಿದ ಸಮಿತಿಯು, ಖಾಸಗಿ ಆಸ್ಪತ್ರೆಗಳ ಶುಶ್ರೂಷಕರಿಗೆ ಕನಿಷ್ಠ 20,000 ರೂಪಾಯಿಗಳ ಮಾಸಿಕ ವೇತನವನ್ನಲ್ಲದೆ, ರಜೆ, ಕೆಲಸದ ಅವಧಿ, ವೈದ್ಯಕೀಯ ಸೌಲಭ್ಯಗಳಲ್ಲಿ ರಾಜ್ಯ ಸರ್ಕಾರದ ಶುಶ್ರೂಷಕರಿಗೆ ಸಮಾನವಾದ ಸ್ಥಿತಿಯನ್ನೂ ಶಿಫಾರಸು ಮಾಡಿತು. ನೌಕರರ ರಾಜ್ಯ ವಿಮಾ (ಇ.ಎಸ್.ಐ.) ಯೋಜನೆಗೆ ಒಳಪಟ್ಟವರಿಗೆ ಕಾಯಿಲೆಯ ಕಾಲದಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡಾ 70 ಸಲ್ಲುತ್ತದೆ; ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನಗಳಿಗೆ ಅದು ಇಲ್ಲ. ಫ್ಲೂವಿನಂತಹ ಜ್ವರವು ಅತ್ಯಂತ ಹೆಚ್ಚಾಗಿ ಅಂಟುವುದು ಮೊದಲ ದಿನಗಳಲ್ಲಿಯೇ ಎಂಬುದು ಆ ನಿಯಮವನ್ನು ಬರೆದವರಿಗೆ ಹೊಳೆಯದೆ ಹೋದದ್ದು ವಿಷಾದದ ಸಂಗತಿ.

ಹುಸಿಕಾಯಿಲೆಯ ನೆವವನ್ನು ಹೇಳಿ ರಜೆ ಹಾಕುವವರು ಇಲ್ಲವೇ ಎಂದು ವೇದಿಕೆಯ ಮೇಲೆ ಕುಳಿತ ಆಡಳಿತಗಾರರು ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿರಬಹುದು. ಇದ್ದಾರೆ, ಎಲ್ಲ ಕಚೇರಿಗಳಲ್ಲಿಯೂ ಇದ್ದಾರೆ. ಅವರಿಗಾಗಿ ನಿಜವಾದ ಜ್ವರವನ್ನು ವಾರ್ಡಿಗೆ ಬರಮಾಡಿಕೊಳ್ಳುವುದು ಮಾತ್ರ ವಿವೇಕವಲ್ಲ.

ಅಪವಾದವಿಲ್ಲದ ನಿಯಮವನ್ನು ನಾನು ಹೇಳಹೊರಟಿಲ್ಲ. ನಿಮ್ಮಲ್ಲಿ ಕೆಲವರು ಘಟ್ಟದ ಮೇಲಿನ ಯಾವುದೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂಟಿಯಾಗಿ ಇರುವಿರಿ. ಸುರಿಯುವ ಮಳೆಯಲ್ಲಿ, ನಿಮಗೇ ಚಳಿಜ್ವರ ಬಂದು ಮಲಗಿರುವ ರಾತ್ರಿ, ಬೇನೆ ತಿನ್ನುತ್ತಿರುವ ಹೆಂಗಸನ್ನು ಜೀಪಿನಲ್ಲಿ ಕರೆತರುವರು. ಆಗ ಬಾಗಿಲು ತೆರೆಯದಿರಲು ಯಾವ ಶಾಸ್ತ್ರವೂ ಹೇಳಲಾರದು. ಕೈ ತೊಳೆದು, ಮಾಸ್ಕು ಕಟ್ಟಿ, 108ಕ್ಕೆ ಫೋನು ಮಾಡಿಸಿ, ನಿಮಗೆ ಜ್ವರವಿರುವ ಸಂಗತಿಯನ್ನು ಅವಳ ಕಡೆಯವರಿಗೆ ಮುಚ್ಚಿಡದೆ ತಿಳಿಸಿ, ಹೆರಿಗೆಯನ್ನು ಮಾಡಿಸಿರಿ. ಮಗು ಹುಟ್ಟಿದ ಮೇಲೆ ಅದನ್ನು ತಾಯಿಯ ಎದೆಯ ಮೇಲೆ ಮಲಗಿಸಿ, ನೀವು ದೂರ ಸರಿಯಿರಿ. ಬೇರೆ ಯಾರೂ ಇಲ್ಲದ ಕಡೆ ಅನುರಾಗವು ಮುಂದಾಗಬೇಕು. ಬೇರೆಯವರು ಇರಬಹುದಾಗಿದ್ದ, ಇರಬೇಕಾಗಿದ್ದ ನಗರದ ಆಸ್ಪತ್ರೆಯಲ್ಲಿ ಅದೇ ನ್ಯಾಯವನ್ನು ಹೂಡುವುದಕ್ಕೆ ಆಧಾರವಿಲ್ಲ.

ಇನ್ನು ನಿಮ್ಮ ಪಾಲಿನ ಕೆಲಸ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳು ಪೂರ್ತಿಯಾಗಿಲ್ಲದವರು ಕೆಲಸಕ್ಕೆ ಸೇರುವ ಮುನ್ನ ಪೂರ್ತಿ ಮಾಡಿಕೊಳ್ಳಿ; ಫ್ಲೂ ಲಸಿಕೆಯನ್ನು ವರ್ಷವರ್ಷವೂ ಹಾಕಿಸಿಕೊಳ್ಳಿ. ಮೈ ಸರಿಯಿಲ್ಲವೆಂದು ತೋರಿದರೆ ಡ್ಯೂಟಿಯ ವೇಳೆಗೆ ಕಾಯದೆ ಹಿಂದಿನ ರಾತ್ರಿಯೇ ತಿಳಿಸಿ, ಬರಿದೆ ಹುಷಾರಿಲ್ಲವೆನ್ನದೆ ಜ್ವರವೆಷ್ಟು, ಎಂದಿನಿಂದ, ಯಾವ ರೋಗಿಯ ಬಳಿ ಇದ್ದಿರಿ ಎಂಬುದನ್ನು ಹೇಳಿ.

ಕೆಲವೇ ವರ್ಷಗಳಲ್ಲಿ ನಿಮ್ಮಲ್ಲಿ ಅನೇಕರು ಇನ್‌ಚಾರ್ಜ್ ಸಿಸ್ಟರ್‌ಗಳಾಗುವಿರಿ. ಒಂದು ದಿನ ಮುಂಜಾನೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅಳುಕುತ್ತ ಫೋನು ಮಾಡಿ, ಸಿಸ್ಟರ್, ನನಗೆ ಜ್ವರ ಎನ್ನುವಳು. ಯಾರನ್ನು ಕಳಿಸಲಿ ಎಂದು ಅವಳ ಮೇಲೆ ರೇಗುವ ಮೊದಲು ಊಟ ಮಾಡಿದೆಯಾ, ವೈದ್ಯರಿಗೆ ತೋರಿಸಿದೆಯಾ ಎಂದು ಕೇಳಿರಿ. ಅವಳ ಸ್ಥಳಕ್ಕೆ ಬರುವವರ ಹೆಸರನ್ನು ಹಿಂದಿನ ವಾರವೇ ಲಿಸ್ಟಿನಲ್ಲಿ ಬರೆದಿರಿಸಿರಿ. ಬರೆಯಲು ಹೆಸರುಗಳೇ ಇಲ್ಲವೆಂದಾದರೆ, ಆ ಮಾತನ್ನು ಲಿಖಿತವಾಗಿ ಮೇಲಿನವರಿಗೆ ಕಳಿಸಿರಿ, ಉತ್ತರ ಬರುವವರೆಗೂ ಕಳಿಸುತ್ತಿರಿ. ನನ್ನ ಪಕ್ಕದಲ್ಲಿ ಕುಳಿತಿರುವ ಹಿರಿಯರು ಆ ಕಾಗದಗಳಿಗೆ ಉತ್ತರವನ್ನು ಕೊಡಬೇಕೆಂದು ಈ ಸಭೆಯ ಎದುರಿನಲ್ಲಿಯೇ ಅವರನ್ನು ಪ್ರಾರ್ಥಿಸುತ್ತೇನೆ.