ಕಾಯದ ಕಾವಲು ಮತ್ತು ಉರಿಯೂತ



ಕಾಯಕಕ್ಕೂ ದಾಸೋಹಕ್ಕೂ ಕಾಯವೇ ಮೂಲಸಾಧನವಷ್ಟೆ. ಆದುದರಿಂದ ಅದರೊಳಗಿನ ಕಾವಲಿನ ಕ್ರಮವನ್ನು ಅರಿಯುವುದು ಭಕ್ತರಿಗೆ ಹೊರಗಾದ ವಿಷಯವಲ್ಲ.

ಬಿಳಿಯ ರಕ್ತಕಣಗಳೇ ಶರೀರದ ಕಾವಲುಗಾರರು. ೧೮೮೨ನೆಯ ಇಸವಿಯಲ್ಲಿ ರಷ್ಯಾದೇಶದ ಮೆಚ್ನಿಕೋಫ್ ಎಂಬ ಪಂಡಿತನು ನಕ್ಷತ್ರಮೀನಿನ ಮರಿಗೆ ಗುಲಾಬಿಯ ಮುಳ್ಳನ್ನು ಚುಚ್ಚಿದನು. ಮರುದಿನ ನೋಡಲಾಗಿ ಸಂಚಾರಿ ಜೀವಕಣಗಳು ಆ ಮುಳ್ಳನ್ನು ಮುತ್ತಿದ್ದುವು. ನಮ್ಮ ಕಾಲಿಗೆ ಮುಳ್ಳು ನಟ್ಟಾಗ ಕಾಣುವ ಕೆಂಪು, ಕಾವು, ಬಾವು, ನೋವುಗಳೂ ಇಂತಹ ಕಾದಾಟದ ಗುರುತುಗಳೇ. ಇದಕ್ಕೆ ಉರಿಯೂತವೆಂದು ಹೆಸರು. ಮುಳ್ಳು ಹೋದರೆ ಊತವೂ ಇಳಿಯುವುದು.

ಆದರೆ ಮುಳ್ಳನ್ನು ದಿನವೂ ಚುಚ್ಚುತ್ತಿದ್ದರೆ ಗತಿಯೇನು? ಕಾದಾಟವು ನಿಲ್ಲದು. ರೋಗಾಣುವನ್ನು ಕೊಲ್ಲಲು ಬಿಳಿಯ ಕಣಗಳು ಸೂಸುವ ತೀಕ್ಷ್ಣ ದ್ರವ್ಯಗಳು ಶರೀರದ ಸ್ವಂತ ಜೀವಕಣಗಳ ವಂಶಸೂತ್ರವನ್ನೇ ಕೆಡಿಸುವುವು. ಗಾಯ ಮಾಯಲೆಂದು ಕಣಗಳು ಮತ್ತೆ ಮತ್ತೆ ಒಡೆದು ಬೆಳೆಯುವಾಗ ಆ ದೋಷವೂ ಬೆಳೆಯುವುದು. ಕಡೆಗೆ ಕಟ್ಟಳೆಯನ್ನು ಮೀರಿದ ಕಣಸಮೂಹವೇ ಕ್ಯಾನ್ಸರ್. ಗಂತಿಗಳಲ್ಲಿ ಬಿಳಿಯ ಕಣಗಳಿರುವುದನ್ನು ಕಂಡು ಜರ್ಮನಿಯ ವಿರ್ಶೋ ಎಂಬ ವೈದ್ಯನು ಈ ಸಂಬಂಧವನ್ನು ೧೮೬೩ರಷ್ಟು ಹಿಂದೆಯೇ ಊಹಿಸಿದ್ದನು.

ಈ ಮಾತು ಮಂಗಳೂರಿನ ಮಣ್ಣಗುಡ್ಡಕ್ಕೆ ದೂರದ್ದಲ್ಲ. ಅಡಕೆಯು ಈ ಸೀಮೆಯ ಅನೇಕ ಕುಟುಂಬಗಳ ಅನ್ನದ ಬೆಳೆ. ಅತಿಥಿಗೆ ತಾಂಬೂಲವೀಯುವುದು ಮರ್ಯಾದೆ. ಹಾಗಿದ್ದರೂ ಸತ್ಯವನ್ನು ಮರೆಮಾಚಲಾಗದು. ಹೊಗೆಸೊಪ್ಪಷ್ಟೇ ಅಲ್ಲ, ಅಡಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿತು. ನಿತ್ಯ ಅಗಿಯುವವರ ಬಾಯಿಯ ಒಳಪದರವು ಉರಿಯೂತದಿಂದ ಗಡುಸಾಗಿ, ಕೆಲವರಿಗೆ ಬಾಯಿ ತೆರೆಯುವುದೇ ಕಷ್ಟವಾಗುವುದು.

ಕಾವಲುಗಾರರು ಕ್ಯಾನ್ಸರಿನ ಕಣಗಳನ್ನು ಗುರುತಿಸಿ ಕೊಲ್ಲುವುದೂ ಉಂಟು. ಆದರೆ ಆ ಕಣಗಳು ಕಾವಲಿಗೇ ಕಡಿವಾಣ ಹಾಕಿ ಪಾರಾಗಬಲ್ಲವು. ಆ ಕಡಿವಾಣವನ್ನು ಬಿಡಿಸುವ ಚಿಕಿತ್ಸೆಗೆ ದಾರಿ ತೋರಿದ ಆಲಿಸನ್ ಮತ್ತು ಹೊಂಜೊ ಎಂಬವರಿಗೆ ೨೦೧೮ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಆ ಔಷಧವು ಎಲ್ಲ ರೋಗಿಗಳಿಗೂ ಫಲಿಸದು. ರೋಗವನ್ನು ಬರಗೊಡದಿರುವುದೇ ಲೇಸು.

ಆದುದರಿಂದ ಬಾಯಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣಾಗಲಿ, ಬಿಳಿಯ ಅಥವಾ ಕೆಂಪು ಮಚ್ಚೆಯಾಗಲಿ ಕಂಡರೆ ನೋವಿಲ್ಲವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸತಕ್ಕದ್ದು. ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯು ಈ ರೋಗದ ಚಿಕಿತ್ಸೆಗೆಂದೇ ಇದೆ. ಅತಿಥಿಗೆ ಹಣ್ಣುಹಾಲುಗಳನ್ನಿತ್ತರೂ ಸತ್ಕಾರಕ್ಕೆ ಕುಂದಿಲ್ಲ. ಜಂಗಮನನ್ನು ಆದರಿಸುವವರು ಜಂಗಮನ ಕಾಯಕ್ಕೆ ಕೇಡಾಗುವುದನ್ನು ನೀಡದಿರುವುದೂ ದಾಸೋಹವೇ ಸರಿ.