ವಿಷಯ ನಮ್ಮ ಮನೆಯ ಕೊಡದಲ್ಲಿದೆ

(ದೇವಸಮುದ್ರದಲ್ಲಿ ಮಾಡಿದ ಭಾಷಣ)



ಪರಿಸರ ಅಧ್ಯಯನವು ಪದವಿ ತರಗತಿಗೆ ಸುಮ್ಮನೆ ಬಂದದ್ದಲ್ಲ. ಎಂ.ಸಿ. ಮೆಹ್ತಾರ ಅರ್ಜಿಯ ಮೇಲೆ 1991ರಲ್ಲಿ ಸುಪ್ರೀಂ ಕೋರ್ಟು ನೀಡಿದ ನಿರ್ದೇಶನವೇ ಅದರ ಮೂಲ. 2003ರಲ್ಲಿ ಯುಜಿಸಿ ರೂಪಿಸಿದ ಪಠ್ಯಕ್ರಮವು ನೂರರಲ್ಲಿ 25 ಅಂಕಗಳನ್ನು ಕ್ಷೇತ್ರಕಾರ್ಯಕ್ಕೆ ಮೀಸಲಿಟ್ಟಿತು. ಆದರೆ ಪದವಿಯ ದಿನಗಳಲ್ಲಿ ನಾವು ಮಾಡಿದ್ದೇನು? ಓಝೋನ್ ಪದರದ ಕುರಿತು ಎಲ್ಲಿಂದಲೋ ನಕಲು ಮಾಡಿ ಒಪ್ಪಿಸಿದೆವು. ಅಂಕ ಬಂತು, ಅರಿವು ಬರಲಿಲ್ಲ.

ನೀವು ಹಾಗೆ ಮಾಡಬೇಡಿ. ‘ಸಮುದ್ರ’ ಎಂದು ಕೊನೆಗೊಳ್ಳುವ ಊರ ಹೆಸರುಗಳು ನಮ್ಮ ನಾಡಿನಲ್ಲಿ ಸಾಮಾನ್ಯವಾಗಿ ಕೆರೆಯನ್ನು ನೆನಪಿಸುತ್ತವೆ. ಅಂತಹ ಹೆಸರು ಹೊತ್ತ ಈ ಊರಿರುವುದು ಮಳೆ ಕಡಿಮೆ ಬೀಳುವ, ಬಹುಕಾಲದಿಂದ ಕೊಳವೆಬಾವಿಗಳನ್ನು ನೆಚ್ಚಿಕೊಂಡಿರುವ ಮೊಳಕಾಲ್ಮೂರು ತಾಲೂಕಿನಲ್ಲಿ. ಚಿತ್ರದುರ್ಗ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲುಗಳು ಕಲೆಗಟ್ಟುತ್ತವೆ; ಪ್ರಮಾಣ ಇನ್ನೂ ಹೆಚ್ಚಿದರೆ ಮೂಳೆಗಳಿಗೂ ಹಾನಿ. ಕುದಿಸಿದರೂ ಅದು ಹೋಗದು.

ಇದಕ್ಕಿಂತ ಯೋಗ್ಯ ವಿಷಯ ಬೇಕೆ? ನಿಮ್ಮ ಓಣಿಯ ಹತ್ತು ಮನೆಗಳನ್ನು ಆರಿಸಿಕೊಳ್ಳಿ. ಕುಡಿಯುವ ನೀರು ಎಲ್ಲಿಯದು, ಕೊಳವೆಬಾವಿ ಎಷ್ಟು ಅಡಿ ಆಳ, ಅಜ್ಜಿಯ ಕಾಲದಲ್ಲಿ ನೀರು ಎಷ್ಟು ಆಳಕ್ಕೆ ಸಿಗುತ್ತಿತ್ತು ಎಂದು ಕೇಳಿ ಬರೆದುಕೊಳ್ಳಿ. ನೀರಿನ ಮಾದರಿಯನ್ನು ಪರೀಕ್ಷೆ ಮಾಡಿಸಿ. ಫಲಿತಾಂಶವನ್ನು ಕಾಲೇಜಿಗೆ ಮಾತ್ರವಲ್ಲ, ಗ್ರಾಮ ಪಂಚಾಯತಿಗೂ ಒಪ್ಪಿಸಿ.

ಹೆತ್ತವರೇ, ಹೆಣ್ಣುಮಕ್ಕಳನ್ನು ಈ ಕೆಲಸದಿಂದ ತಡೆಯದಿರಿ. ಕೊಡ ಹೊರುವವರಿಗಿಂತ ಚೆನ್ನಾಗಿ ನೀರಿನ ಕಷ್ಟವನ್ನು ಬಲ್ಲವರಾರು? ಒಂದು ಓಣಿಯ ನೀರಿನ ನಿಜಸ್ಥಿತಿ ಊರಿಗೆ ತಿಳಿದರೂ ಸಾಕು, ಆ 25 ಅಂಕಗಳು ಸಾರ್ಥಕ.