ವೆರಿಟಾಸ್: 464 ಕಾರುಗಳನ್ನು ನಂಬಿದ ಕಾರ್ಖಾನೆ



ಇವತ್ತು ನಾನು ಹೇಳಹೊರಟಿರುವುದು ಆರೇಳು ವರ್ಷ ಮಾತ್ರ ಬಾಳಿದ ಒಂದು ಜರ್ಮನ್ ಕಾರಿನ ಕಥೆ. ಅದರ ಹೆಸರು ವೆರಿಟಾಸ್. 1947ರಲ್ಲಿ ಹುಟ್ಟಿತು, 1953ಕ್ಕೆ ಮುಗಿಯಿತು. ಯುದ್ಧಕ್ಕೆ ಮುಂಚಿನ ಎಂಜಿನ್ನನ್ನು ನೆಚ್ಚಿಕೊಂಡಿದ್ದಕ್ಕೇ ಸೋತಿತು ಎಂದು ಯಾರಾದರೂ ಅಂದಾರು. ನಾನು ಒಪ್ಪುವುದಿಲ್ಲ. ಆ ಎಂಜಿನ್ನಿಗೆ ಇನ್ನೂ ಕಸುವಿತ್ತು. ಸಾಕಷ್ಟು ಎಂಜಿನ್ನುಗಳೇ ಸಿಗುತ್ತಿರಲಿಲ್ಲ.

ಮೊದಲು ಆ ಎಂಜಿನ್ನಿನ, ಅಂದರೆ ಬಿಎಂಡಬ್ಲ್ಯೂ 328 ಕಾರಿನ ಎಂಜಿನ್ನಿನ ವಿಷಯ. 1936ರಲ್ಲಿ ನ್ಯೂರ್‌ಬರ್ಗ್‌ರಿಂಗ್ ರೇಸಿನಲ್ಲಿ ಬಿಎಂಡಬ್ಲ್ಯೂ 328 ಮೊದಲ ಬಾರಿಗೆ ಕಾಣಿಸಿಕೊಂಡಿತು. ಓಡಿಸಿದವನು ಅರ್ನ್ಸ್ಟ್ ಹೆನ್ನೆ. ತನ್ನ ವರ್ಗದಲ್ಲಿ ಗೆದ್ದ. ಆರು ಸಿಲಿಂಡರ್, 1971 ಸಿಸಿ, 80 ಕುದುರೆಶಕ್ತಿ. ಇದರ ಜಾಣತನವೆಲ್ಲ ಸಿಲಿಂಡರ್ ಹೆಡ್ಡಿನಲ್ಲಿತ್ತು. ಕೆಳಗಿನ ಬ್ಲಾಕ್ ಅದೇ ಕಂಪನಿಯ ಮಾಮೂಲಿ ಕಾರಿನಿಂದ ಬಂದದ್ದು, ಕ್ಯಾಮ್‌ಶಾಫ್ಟ್ ಕೂಡ ಒಂದೇ, ಅದೂ ಬ್ಲಾಕಿನಲ್ಲೇ. ಆದರೆ ವಾಲ್ವ್‌ಗಳನ್ನು ಎರಡು ಕಡೆಗೆ ಓರೆಯಾಗಿ ಕೂರಿಸಿ, ಆಚೆ ಕಡೆಯ ವಾಲ್ವ್‌ಗಳನ್ನು ತಳ್ಳಲು ಹೆಡ್ಡಿನ ಅಡ್ಡಕ್ಕೆ ಇನ್ನೊಂದು ಸಾಲು ಪುಟ್ಟ ಪುಶ್‌ರಾಡ್‌ಗಳನ್ನು ಹಾಕಿದ್ದರು. ದುಬಾರಿ ರೇಸಿಂಗ್ ಎಂಜಿನ್ನಿನ ಉಸಿರಾಟವನ್ನು ಸಾಧಾರಣ ಎಂಜಿನ್ನಿಗೆ ಕೊಟ್ಟ ಈ ಉಪಾಯದ ಬಗ್ಗೆ ಓದಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. 1940ರಲ್ಲಿ ಇಟಲಿಯ ಮಿಲ್ಲೆ ಮಿಲ್ಯಾ ರೇಸನ್ನು ಗೆದ್ದದ್ದೂ 328ರ ಒಂದು ಕೂಪೆಯೇ. ಒಟ್ಟು ತಯಾರಾದದ್ದು 464 ಕಾರು.

ಯುದ್ಧ ಮುಗಿದಾಗ ಇವು ತಯಾರಾಗುತ್ತಿದ್ದ ಐಸೆನಾಕ್ ಕಾರ್ಖಾನೆ ಸೋವಿಯತ್ ವಲಯಕ್ಕೆ ಸೇರಿಹೋಗಿತ್ತು. ಮ್ಯೂನಿಕ್‌ನಲ್ಲಿ ಬಿಎಂಡಬ್ಲ್ಯೂಗೆ ಕಾರು ಮಾಡುವ ಸ್ಥಿತಿಯೇ ಇರಲಿಲ್ಲ. ಅಲ್ಲಿಂದ ಹೊರಬಿದ್ದ ಮೂವರು, ಅರ್ನ್ಸ್ಟ್ ಲೂಫ್, ಲೊರೆಂಟ್ಸ್ ಡೀಟ್ರಿಕ್ ಮತ್ತು ಗಿಯೋರ್ಗ್ ಮೈಯರ್, ಒಂದಾದರು. ಲೂಫ್‌ಗೆ 328ರ ನರನಾಡಿಯೆಲ್ಲ ಗೊತ್ತು. ಮೈಯರ್ 1939ರಲ್ಲಿ ಬಿಎಂಡಬ್ಲ್ಯೂ ಬೈಕಿನಲ್ಲಿ ಐಲ್ ಆಫ್ ಮ್ಯಾನ್‌ನ ಸೀನಿಯರ್ ಟಿಟಿ ಗೆದ್ದ ವೀರ. ಫ್ರೆಂಚ್ ವಲಯದ ಹೌಸೆನ್ ಎಂಬ ಹಳ್ಳಿಯಲ್ಲಿ ಕೆಲಸ ಶುರುವಾಯಿತು. ಯುದ್ಧದಲ್ಲಿ ಉಳಿದುಕೊಂಡ 328 ಇದ್ದವರು ಅದನ್ನು ತಂದುಕೊಡಬೇಕು. ಇವರು ಎಂಜಿನ್ ಬಿಚ್ಚಿ, ಹದಮಾಡಿ, ಹೊಸ ಚೌಕಟ್ಟಿನಲ್ಲಿ ಕೂರಿಸಿ, ಗಾಳಿಯನ್ನು ಸೀಳಿಕೊಂಡು ಹೋಗುವ ನುಣುಪಾದ ಅಲ್ಯುಮಿನಿಯಂ ಮೈ ಹೊದಿಸಿ ಕೊಡುವರು. ಊಟಕ್ಕೆ ರೇಷನ್ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದ ದೇಶದಲ್ಲಿ ಈ ಕೆಲಸ ನಡೆಯಿತು ಎಂಬುದನ್ನು ದಯವಿಟ್ಟು ನೆನಪಿಡಿ.

ಫಲವೂ ಕೂಡಲೇ ಸಿಕ್ಕಿತು. 1948 ಮತ್ತು 1949ರಲ್ಲಿ ಕಾರ್ಲ್ ಕ್ಲಿಂಗ್ ವೆರಿಟಾಸ್ ಓಡಿಸಿ ಎರಡು ಲೀಟರ್ ವರ್ಗದ ಜರ್ಮನ್ ಚಾಂಪಿಯನ್ ಆದ. ಮುಂದೆ ಮರ್ಸಿಡಿಸ್ ಕಾರಿನಲ್ಲಿ ಮೆಕ್ಸಿಕೋದ ಕರೇರಾ ಪನಾಮೆರಿಕಾನಾ ಗೆದ್ದವನು ಇವನೇ.

ಇದೇ ಹೊತ್ತಿಗೆ, 1948ರಲ್ಲಿ, ಆಸ್ಟ್ರಿಯಾದ ಗ್ಮ್ಯುಂಡ್‌ನಲ್ಲಿ ಇನ್ನೊಂದು ಚಿಕ್ಕ ತಂಡ ಯುದ್ಧಪೂರ್ವ ವಿನ್ಯಾಸದ ಭಾಗಗಳಿಂದಲೇ ತನ್ನ ಮೊದಲ ಕಾರನ್ನು ರಸ್ತೆಗಿಳಿಸಿತ್ತು. ಅದು ಪೋರ್ಷೆ. ಆ ತಂಡ ಆಧರಿಸಿದ್ದು ಫೋಕ್ಸ್‌ವ್ಯಾಗನ್ ಭಾಗಗಳನ್ನು. ಎಂಜಿನ್ನಿನ ಗುಣದಲ್ಲಿ 328ಕ್ಕೆ ಅದು ಸಾಟಿಯೇ ಅಲ್ಲ. ಆದರೆ ವುಲ್ಫ್ಸ್‌ಬರ್ಗ್‌ನ ಕಾರ್ಖಾನೆಯಿಂದ ಆ ಭಾಗಗಳು ದಿನವೂ ಹೊರಬರುತ್ತಿದ್ದವು. ವೆರಿಟಾಸ್ ತೋಡುತ್ತಿದ್ದುದು ಒರತೆ ಇಲ್ಲದ ಬಾವಿಯನ್ನು. ಇವೆರಡರ ಹಣೆಬರಹ ಬೇರೆಯಾದದ್ದು ಇಲ್ಲೇ ಎಂದು ನನ್ನ ದೃಢವಾದ ನಂಬಿಕೆ.

ಲೂಫ್‌ಗೆ ಇದು ತಿಳಿಯದೇ ಇರಲಿಲ್ಲ. ಸ್ವಂತ ಎಂಜಿನ್ ಬೇಕೆಂದು ಎರಡು ಲೀಟರಿನ ಹೊಸದೊಂದನ್ನು ರೂಪಿಸಿ, ವಿಮಾನಗಳಿಗೆ ಹೆಸರಾದ ಹೈಂಕೆಲ್ ಕಂಪನಿಯಿಂದ ಮಾಡಿಸಿದರು. ಕ್ಯಾಮ್‌ಶಾಫ್ಟ್ ಈಗ ಹೆಡ್ಡಿನ ಮೇಲಕ್ಕೇರಿತ್ತು. ರಸ್ತೆ ಕಾರುಗಳಿಗೆ ಸ್ಯಾಟರ್ನ್, ಸ್ಕಾರ್ಪಿಯನ್ ಎಂದೆಲ್ಲ ಆಕಾಶದ ಹೆಸರಿಟ್ಟರು. ಕೈಯಲ್ಲಿ ಬಂಡವಾಳವಿರಲಿಲ್ಲ; ಅಂಥ ಕಾರು ಕೊಳ್ಳುವ ಜನ ಆಗಿನ ಜರ್ಮನಿಯಲ್ಲಿ ಎಷ್ಟು ಮಂದಿ? ಹೌಸೆನ್‌ನಿಂದ ಮೆಸ್‌ಕಿರ್ಕ್, ಅಲ್ಲಿಂದ ಮುಗ್ಗೆನ್‌ಸ್ಟುರ್ಮ್ ಎಂದು ಕಾರ್ಖಾನೆಯೇ ಊರೂರು ಅಲೆಯಿತು. ಡೀಟ್ರಿಕ್ ಫ್ರಾನ್ಸಿನ ಪನಾರ್ ಎಂಜಿನ್ ಹಾಕಿದ ಸಣ್ಣ ಕಾರಿನ ಕಡೆ ಹೊರಳಿದರು. ಲೂಫ್ ನ್ಯೂರ್‌ಬರ್ಗ್‌ರಿಂಗ್ ಪಕ್ಕದಲ್ಲೇ ಕಾರ್ಯಾಗಾರ ಹೂಡಿ ಛಲ ಬಿಡದೆ ಮುಂದುವರಿಸಿದರು.

1952 ಮತ್ತು 1953ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಎರಡು ಲೀಟರ್ ನಿಯಮದಡಿ ನಡೆದದ್ದರಿಂದ ವೆರಿಟಾಸ್‌ಗೂ ಅಲ್ಲಿ ಜಾಗ ಸಿಕ್ಕಿತು. 1952ರ ಜರ್ಮನ್ ಗ್ರ್ಯಾಂಡ್ ಪ್ರಿಯಲ್ಲಿ ಫ್ರಿಟ್ಸ್ ರೀಸ್ ಏಳನೆಯವನಾದ. ಮರುವರ್ಷ ಹಾನ್ಸ್ ಹೆರ್ಮನ್ ಒಂಬತ್ತನೆಯವನಾದ. ಆ 1953ರ ರೇಸಿನಲ್ಲಿ ಲೂಫ್ ತಾವೇ ಚಕ್ರ ಹಿಡಿದರು, ಇಂಧನ ಪಂಪ್ ಕೈಕೊಟ್ಟು ಒಂದು ಸುತ್ತನ್ನೂ ಮುಗಿಸಲಾಗಲಿಲ್ಲ. ಅದೇ ವರ್ಷ ವೆರಿಟಾಸ್ ಮುಚ್ಚಿತು. ಲೂಫ್ ಬಿಎಂಡಬ್ಲ್ಯೂಗೆ ಮರಳಿದರು, 1956ರಲ್ಲಿ ತೀರಿಕೊಂಡರು.

ಆದರೆ ಆ ಹಳೆಯ ಎಂಜಿನ್? ಯುದ್ಧದ ನಂತರ ಅದರ ನಕ್ಷೆಗಳು ಇಂಗ್ಲೆಂಡಿನ ಬ್ರಿಸ್ಟಲ್ ವಿಮಾನ ಕಂಪನಿಯ ಕೈಸೇರಿದ್ದವು. ಅಲ್ಲಿ ಬಂಡವಾಳವೂ ಇತ್ತು, ಯಂತ್ರಗಳೂ ಇದ್ದವು. 1952ರ ಬ್ರಿಟಿಷ್ ಗ್ರ್ಯಾಂಡ್ ಪ್ರಿಯಲ್ಲಿ ಮೈಕ್ ಹಾಥಾರ್ನ್ ಮೂರನೆಯ ಸ್ಥಾನ ಪಡೆದ ಕೂಪರ್ ಕಾರಿನಲ್ಲಿದ್ದುದು ಅದೇ ಅಡ್ಡ ಪುಶ್‌ರಾಡಿನ ಎಂಜಿನ್. ಬ್ರಿಸ್ಟಲ್ ತನ್ನ ಕಾರುಗಳಿಗೆ ಅದನ್ನು 1961ರವರೆಗೂ ಬಳಸಿತು.